ಹಿಂದಿನ ಸೀಟಿನ ಅಂಕ

ನಮ್ಮ ಮುತ್ಯಾ ಎತ್ತು ಕೊಳ್ಳಲು ಹೋದರೆ ಮೂರು ದಿನ ಮನೆಗೆ ಬರುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಗುಲ್ಬರ್ಗಾದಲ್ಲಿ ಶರಣಬಸವೇಶ್ವರರ ಜಾತ್ರೆ. ಎಲ್ಲರಿಗೂ ತೇರಿನ ಮೇಲೆ ಭಕ್ತಿಯಾದರೆ ಅವನಿಗೆ ದನದ ಜಾತ್ರೆಯ ಮೇಲೆ. ಇಜೇರಿಯಿಂದ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಹೋದವನು ಮೊದಲ ದಿನ ಬರೀ ನೋಡುತ್ತಿದ್ದ. ಎರಡನೆಯ ದಿನ ಬಾಯಿ ತೆರೆಸಿ ಹಲ್ಲು ಎಣಿಸುವುದು, ಗೊರಸು ಒತ್ತುವುದು, ಮೈಮೇಲಿನ ಸುಳಿ ಹುಡುಕುವುದು. ಮೂರನೆಯ ದಿನ ದಲ್ಲಾಳಿಯ ಜೊತೆ ಟವೆಲಿನ ಕೆಳಗೆ ಕೈಹಾಕಿ, ಬೆರಳು ಹಿಡಿದು, ತುಟಿ ಬಿಚ್ಚದೆ ಬೆಲೆ ಮಾತಾಡುವುದು.

ಅವನ ತಲೆಯಲ್ಲಿ ಒಂದು ಲೆಕ್ಕದ ಹಲಗೆಯೇ ಇತ್ತು. ಕೃಷ್ಣಾ ತೀರದ ಎತ್ತು ಭಾರಿ ಮೈಯದು, ಎರೆಹೊಲದಲ್ಲಿ ರಂಟೆ ಹೊಡೆಯಲು ಅದಕ್ಕೆ ಸಮನಿಲ್ಲ, ಆದರೆ ನಡಿಗೆ ನಿಧಾನ. ಖಿಲಾರಿ ಬಿಳಿ ಬಣ್ಣದ್ದು, ಉದ್ದ ಕೋಡು, ಬಿಟ್ಟರೆ ಬಾಣ. ಮೂಗಿನ ತುದಿಯಲ್ಲಿ ಸಿಟ್ಟು. ದೇವಣಿ ಸಮಾಧಾನಿ, ಆ ತಳಿಯ ಆಕಳು ಹಾಲನ್ನೂ ಕೊಡುತ್ತದೆ. ಹೀಗೆ ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಕೊರತೆ. ಮುತ್ಯಾನ ಮನಸ್ಸಿನಲ್ಲಿದ್ದ ಎತ್ತು ಮಾತ್ರ ಬೇರೆ. ವರ್ಷವಿಡೀ ತಲೆತಗ್ಗಿಸಿ ಹೊಲ ಉಳಬೇಕು, ಕಾರಹುಣ್ಣಿಮೆಯ ಸಂಜೆ ಅದೇ ಎತ್ತು ಊರೆಲ್ಲ ನೋಡುವಂತೆ ಮುಂದೆ ಓಡಿ ಕರಿ ಹರಿಯಬೇಕು. “ಅಂಥಾದ್ದು ಸಿಗೂದಿಲ್ಲವ್ವಾ. ಸಿಕ್ಕರ ಹೊಲ ಮಾರಿ ತರಬೇಕು” ಎನ್ನುತ್ತಿದ್ದ. ಆಯಿ ಒಳಗಿನಿಂದಲೇ, “ಹೊಲ ಮಾರಿದ ಮ್ಯಾಗ ಎತ್ತು ಏನ್ ಉಳತದ?” ಎಂದು ಕೇಳುತ್ತಿದ್ದಳು.

ಈ ಮಾತೆಲ್ಲ ನನಗೆ ಮತ್ತೆ ನೆನಪಾದದ್ದು 1999ರಲ್ಲಿ, ಕಾರಿನ ನೆಪದಲ್ಲಿ.

ಆಗ ನಾವು ಗುಲ್ಬರ್ಗಾದಲ್ಲಿದ್ದೆವು. ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 2014ರಲ್ಲಿ. ಸ್ಕೂಟರಿನ ಮೇಲೆ ನಾವಿಬ್ಬರು, ನಡುವೆ ಮಗ. ಅದು ಸಾಲದಾಗಿ ಇವರು ಕಾರು ಕೊಳ್ಳುವ ನಿಶ್ಚಯ ಮಾಡಿದರು. ಒಂದು ಸಂಜೆ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಿಂದ ದಪ್ಪ ಹೊಳಪು ಕಾಗದದ ಇಂಗ್ಲಿಷ್ ಪತ್ರಿಕೆಯೊಂದನ್ನು ತಂದರು. ಅದರ ಬೆಲೆಯಲ್ಲಿ ನನ್ನ ಎರಡು ಕನ್ನಡ ವಾರಪತ್ರಿಕೆಗಳು, ಒಂದು ಮಾಸಪತ್ರಿಕೆ ಬರುತ್ತಿದ್ದವು. ಆದರೂ ಮಾತಾಡಲಿಲ್ಲ. ಮೊದಲ ಸಲ ಬಿಡಿಸಿದಾಗ ನನಗೆ ನಗು ಬಂತು. ಒಂದು ಖಾಲಿ ರಸ್ತೆಯಲ್ಲಿ ನಾಲ್ಕು ಸಣ್ಣ ಕಾರುಗಳು ಸಾಲಾಗಿ ನಿಂತಿದ್ದವು, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂಡಿಸಿದ ಅಕ್ಕತಂಗಿಯರ ಹಾಗೆ. ಕೆಳಗೆ ಉದ್ದ, ಅಗಲ, ತೂಕ. ಕೊನೆಯ ಪುಟದಲ್ಲಿ ನಕ್ಷತ್ರಗಳು.

ಹೋಲಿಸಿ ನೋಡುವ ಈ ಭಾಗ್ಯ ನಮ್ಮವರಿಗೆ ಹೊಸದು. ಅದಕ್ಕೂ ಮುಂಚೆ ಹತ್ತಾರು ವರ್ಷ ಈ ದೇಶದಲ್ಲಿ ಕಾರು ಎಂದರೆ ಅಂಬಾಸಿಡರ್, ಇಲ್ಲವೆ ಪ್ರೀಮಿಯರ್ ಪದ್ಮಿನಿ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವವನಿಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಾವುದು ಮೊದಲು ಬರುತ್ತದೋ ಅದೇ ಒಳ್ಳೆಯದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1993ರಲ್ಲಿ ಅದೇ ಮನೆಯಿಂದ ಝೆನ್. 1998 ಒಂದೇ ವರ್ಷದಲ್ಲಿ ಕೊರಿಯಾದ ಹ್ಯುಂಡೈ ಕಂಪೆನಿಯ ಸ್ಯಾಂಟ್ರೊ, ಡೇವೂ ಕಂಪೆನಿಯ ಮಟೀಝ್, ನಮ್ಮ ಟಾಟಾದವರ ಇಂಡಿಕಾ ಮೂರೂ ಇಳಿದವು. ಒಂದು ಎತ್ತರ, ಒಂದು ಗಿಡ್ಡ, ಒಂದಕ್ಕೆ ಮೂರೇ ಸಿಲಿಂಡರು, ಇನ್ನೊಂದಕ್ಕೆ ಡೀಸೆಲ್ ಇಂಜಿನ್. ಜಾತ್ರೆ ಸೇರಿತು ಎಂದ ಮೇಲೆ ಹಲ್ಲು ನೋಡುವವರೂ ಬೇಕಲ್ಲ. 1998ರಲ್ಲಿ ‘ಓವರ್‌ಡ್ರೈವ್’, 1999ರ ಸೆಪ್ಟೆಂಬರಿನಲ್ಲಿ ‘ಆಟೋಕಾರ್ ಇಂಡಿಯಾ’ ಹುಟ್ಟಿದ್ದು ಈ ಜಾತ್ರೆಯ ಗದ್ದಲದಲ್ಲೇ.

ಇವರು ಆ ಪತ್ರಿಕೆಯನ್ನು ಇಜೇರಿಗೂ ಒಯ್ದರು. ಕಟ್ಟೆಯ ಮೇಲೆ ಕುಳಿತು ಮುತ್ಯಾನಿಗೆ ಒಂದೊಂದೇ ಅಂಕಣ ಓದಿ ಹೇಳಿದರು. ಆಗ ಅವನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ಆದರೆ ವಿಷಯ ತಿಳಿಯಲು ಅವನಿಗೆ ಐದು ನಿಮಿಷವೂ ಹಿಡಿಯಲಿಲ್ಲ.

“ಓಡಿಸಿ ನೋಡ್ಯಾರೋ, ನಿಲ್ಲಿಸಿ ನೋಡ್ಯಾರೋ?”

“ಓಡಿಸ್ಯಾರ ಮುತ್ಯಾ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕ ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ಹಿಡಿದಾರ.”

“ಗಾಡಿ ಯಾರದು?”

“ಕಂಪನಿಯವರೇ ಕೊಡ್ತಾರ.”

ಮುತ್ಯಾ ನಕ್ಕ. “ಜಾತ್ರಿಗಿ ತರೋ ಮುಂದ ಎತ್ತಿನ ಮೈ ತೊಳದು, ಕೋಡಿಗಿ ಎಣ್ಣಿ ಹಚ್ಚೇ ತರ್ತಾರಪ್ಪ” ಎಂದ.

ಹಳಬರ ಈ ಸಂಶಯ ಸುಳ್ಳಲ್ಲ. ಪರೀಕ್ಷೆಗೆ ಬರುವ ಕಾರು ಸಾಮಾನ್ಯವಾಗಿ ತಯಾರಕರೇ ಸಿಂಗರಿಸಿ ಕಳಿಸಿದ್ದು. ಮುಂದಿನ ಪುಟದಲ್ಲಿ ಬೈಸಿಕೊಳ್ಳುವ ಕಂಪೆನಿಯದೇ ಜಾಹೀರಾತು ಹಿಂದಿನ ಪುಟದಲ್ಲಿ ಇರುತ್ತದೆ. ಹಾಗಿದ್ದೂ ಈ ಪತ್ರಿಕೆಗಳು ಎಷ್ಟೋ ಸಲ ನಿಷ್ಠುರವಾಗಿ ಬರೆದದ್ದುಂಟು. ಅವಕ್ಕೆ ಮುಲಾಜಿಲ್ಲದ ಒಂದು ಆಸರೆ ಇದೆ, ಅದು ಅಳತೆ. ಕಾರಿನ ಮುಳ್ಳು ತೋರಿಸುವ ವೇಗ ನಿಜಕ್ಕಿಂತ ತುಸು ಹೆಚ್ಚೇ ಇರುವುದರಿಂದ ಅದನ್ನು ನಂಬುವಂತಿಲ್ಲ. ಹಿಂದೆಲ್ಲ ಕಾರಿನ ಬೆನ್ನಿಗೆ ಸೈಕಲ್ಲಿನದರಂಥ ಐದನೆಯ ಚಕ್ರವೊಂದನ್ನು ಕಟ್ಟಿ, ಅದು ಉರುಳಿದ ಲೆಕ್ಕದಿಂದ ನಿಜವಾದ ವೇಗ ತೆಗೆಯುತ್ತಿದ್ದರು. ಈಗ ಆ ಕೆಲಸವನ್ನು ಉಪಗ್ರಹದ ಸಂಕೇತ ಹಿಡಿಯುವ ಪುಟ್ಟ ಪೆಟ್ಟಿಗೆ ಮಾಡುತ್ತದೆ. ಎಣ್ಣೆಯ ಖರ್ಚಿಗೆ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಓಡಿಸಿ, ಮತ್ತೆ ಕಂಠದವರೆಗೆ ತುಂಬಿಸಿ ಲೆಕ್ಕ ಹಾಕುತ್ತಾರೆ. ನಾವು ಡಬ್ಬಿಯಲ್ಲಿ ಅಕ್ಕಿ ಎಷ್ಟು ಇಳಿಯಿತು ಎಂದು ನೋಡುವಂತೆಯೇ. ಡಿಕ್ಕಿಯ ಜಾಗ ಅಳೆಯಲು ಒಂದೇ ಅಳತೆಯ ಪೆಟ್ಟಿಗೆಗಳನ್ನು ಅದರೊಳಗೆ ಅಡಕಿ ಎಣಿಸುವ ರೂಢಿಯೂ ಉಂಟು. ಇದು ನನಗೆ ಬಹಳ ಹಿಡಿಸಿತು. ತವರಿಗೆ ಹೊರಟಾಗ ನಾವು ಮಾಡುವ ಕೆಲಸಕ್ಕೂ ಒಂದು ಶಾಸ್ತ್ರವಿದೆ ಎಂದಾಯಿತಲ್ಲ.

ಈ ಪರೀಕ್ಷೆಯ ವಂಶಾವಳಿ ಹುಡುಕುತ್ತ ಹೋದರೆ ಮೊದಲು ಸಿಗುವುದು ಒಬ್ಬ ಹೆಂಗಸು ಎಂಬುದು ಇವರ ಪತ್ರಿಕೆಯಲ್ಲಿರಲಿಲ್ಲ. ನಾನು ಆಮೇಲೆ ಓದಿ ತಿಳಿದೆ. 1888ರ ಆಗಸ್ಟ್ ತಿಂಗಳು. ಜರ್ಮನಿಯ ಕಾರ್ಲ್ ಬೆಂಜ್ ಕುದುರೆಯಿಲ್ಲದ ಮೂರು ಚಕ್ರದ ಗಾಡಿ ಮಾಡಿ ಕುಳಿತಿದ್ದ, ಕೊಳ್ಳುವವರಿರಲಿಲ್ಲ. ಅವನ ಹೆಂಡತಿ ಬರ್ತಾ ಬೆಂಜ್ ಒಂದು ಬೆಳಗಿನ ಜಾವ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮನ್‌ಹೈಮ್‌ನಿಂದ ತನ್ನ ತವರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ನಡುವೆ ಇಂಧನ ಮುಗಿದಾಗ ಔಷಧದಂಗಡಿಯಲ್ಲಿ ಕಲೆ ತೆಗೆಯುವ ದ್ರಾವಣ ಕೊಂಡು ಸುರಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆದದ್ದಕ್ಕೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಏರುದಾರಿಯಲ್ಲಿ ಗಾಡಿ ಹತ್ತದೆ ಮಕ್ಕಳು ನೂಕಬೇಕಾಯಿತು. ಮನೆಗೆ ಬಂದು ಗಂಡನಿಗೆ, ಏರು ಹತ್ತಲು ಇನ್ನೊಂದು ಗೇರು ಬೇಕು ಎಂದಳು. ಅವನು ಹಾಕಿದ. ಲೋಕದ ಮೊದಲ ಕಾರು ಪರೀಕ್ಷೆ ಇದೇ ಎಂದು ನಾನಂತೂ ನಂಬಿದ್ದೇನೆ. ತವರಿನ ದಾರಿಯಲ್ಲಿ ಹೆಂಗಸು ಕಂಡಷ್ಟು ದೋಷ ಬೇರೆ ಯಾರು ಕಾಣುತ್ತಾರೆ?

ಆಮೇಲೆ ಈ ಕೆಲಸ ಗಂಡಸರ ಕೈಗೆ ಹೋಯಿತು. ಇಂಗ್ಲೆಂಡಿನಲ್ಲಿ ‘ಆಟೋಕಾರ್’ ಪತ್ರಿಕೆ 1895ರಲ್ಲೇ ಹುಟ್ಟಿತ್ತು. ಅಳತೆ ಹಿಡಿದು ಕ್ರಮಬದ್ಧವಾಗಿ ಪರೀಕ್ಷೆ ಮಾಡಿ ಅಚ್ಚು ಹಾಕಲು ಶುರುಮಾಡಿದ್ದು 1928ರಲ್ಲಿ. ಮೊದಲು ಪರೀಕ್ಷೆಗೆ ಒಳಗಾದದ್ದೂ ಆಸ್ಟಿನ್ ಸೆವೆನ್ ಎಂಬ ಸಣ್ಣ ಕಾರೇ. ಆಗಿನ ಬರಹ ಬಹಳ ಮರ್ಯಾದೆಯದು, ಬೀಗರ ಮನೆಯ ಊಟದ ಬಗ್ಗೆ ಮಾತಾಡಿದ ಹಾಗೆ. ಮರ್ಯಾದೆ ಬಿಟ್ಟವನು ಅಮೆರಿಕದ ಟಾಮ್ ಮೆಕ್‌ಕಾಹಿಲ್. ಎರಡನೆಯ ಮಹಾಯುದ್ಧ ಮುಗಿದೊಡನೆ, 1946ರಲ್ಲಿ, ಒಂದು ಯಂತ್ರವಿದ್ಯೆಯ ಪತ್ರಿಕೆಯಲ್ಲಿ ಕಾರುಗಳನ್ನು ಹೊಗಳಿ, ಉಗಿದು ಬರೆಯತೊಡಗಿದ. ನಿಂತಲ್ಲಿಂದ ಅರವತ್ತು ಮೈಲಿ ವೇಗಕ್ಕೆ ಎಷ್ಟು ಸೆಕೆಂಡು ಎಂಬ ಲೆಕ್ಕವನ್ನು ಮನೆಮಾತು ಮಾಡಿದವನು ಅವನೇ. ಗಂಡಸರು ಇಂದಿಗೂ ಆ ಸೆಕೆಂಡುಗಳಲ್ಲೇ ಜಗಳವಾಡುತ್ತಾರೆ. 1962ರಲ್ಲಿ ಇಂಗ್ಲೆಂಡಿನಲ್ಲಿ ಸಣ್ಣ ಕಾರಿನವರಿಗೆಂದೇ ಒಂದು ಪತ್ರಿಕೆ ಹುಟ್ಟಿ, ಮೂರೇ ವರ್ಷದಲ್ಲಿ ‘ಕಾರ್’ ಎಂದು ಹೆಸರು ಬದಲಿಸಿಕೊಂಡಿತು. ಒಂದೇ ಬೆಲೆಯ ಎರಡು-ಮೂರು ಕಾರುಗಳನ್ನು ಒಟ್ಟಿಗೆ ಒಂದೇ ದಾರಿಯಲ್ಲಿ ಓಡಿಸಿ, ಕೊನೆಗೆ ಒಂದನ್ನು ಗೆಲ್ಲಿಸುವ ಬರಹಕ್ಕೆ ಅದು ಹೆಸರಾಯಿತು.

ಆ ಬಗೆಯ ಬರಹಕ್ಕೆ ಚಿನ್ನದ ಕಾಲ ತಂದದ್ದು ಒಂದು ಹೊಸ ಜಾತಿಯ ಕಾರು. ಹಿಂಬದಿಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಸಂತೆಯ ಸಾಮಾನು, ಮಗುವಿನ ತೊಟ್ಟಿಲು ಎಲ್ಲಕ್ಕೂ ಅನುಕೂಲ. ಅಂಥ ಸಂಸಾರಸ್ಥ ಕಾರಿನ ಹೊಟ್ಟೆಗೆ ಜೋರಾದ ಇಂಜಿನ್ ಇಟ್ಟರೆ ಅದೇ ಹಾಟ್ ಹ್ಯಾಚ್. ಹೊರಗಿನಿಂದ ನೋಡಿದರೆ ಅದೇ ಬಡಪಾಯಿ, ಕಾಲೊತ್ತಿದರೆ ಪಂದ್ಯದ ಕುದುರೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ 1975ರಲ್ಲಿ ತೋರಿಸಿ 1976ರಲ್ಲಿ ಮಾರಾಟಕ್ಕಿಟ್ಟ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದ ಕಾರು. ಅದಕ್ಕೆ 110 ಅಶ್ವಶಕ್ತಿ, ಗಂಟೆಗೆ 182 ಕಿ.ಮೀ. ಓಟ. ಐದು ಸಾವಿರ ಹೋದರೆ ಸಾಕು ಎಂದು ಲೆಕ್ಕ ಹಾಕಿ ಮಾಡಿದ್ದು, ಲಕ್ಷಗಟ್ಟಲೆ ಹೋಯಿತು. ಓದುತ್ತ ಓದುತ್ತ ನನಗೆ ಮುತ್ಯಾ ಕಣ್ಣೆದುರು ಬಂದ. ವಾರವೆಲ್ಲ ರಂಟೆ, ಹಬ್ಬದ ದಿನ ಓಟ! ಅವನು ಮೂರು ದಿನ ಜಾತ್ರೆಯಲ್ಲಿ ಹುಡುಕುತ್ತಿದ್ದ ಎತ್ತನ್ನು ಈ ಜನ ಕಾರ್ಖಾನೆಯಲ್ಲಿ ಮಾಡಿ ಕೂತಿದ್ದರು.

ಇಲ್ಲಿಯೂ ಒಬ್ಬ ಹೆಂಗಸು ಸಿಗುತ್ತಾಳೆ. ಗಾಲ್ಫ್ ಜಿಟಿಐ ಬಗ್ಗೆ ಬರೆಯುವವರು ಅದರ ಕರಿ-ಕೆಂಪು ಚೌಕಳಿಯ ಸೀಟಿನ ಬಟ್ಟೆಯನ್ನೂ, ಗೇರಿನ ಕೋಲಿನ ತುದಿಗಿದ್ದ ಗಾಲ್ಫ್ ಚೆಂಡಿನಂಥ ಗುಂಡನ್ನೂ ಮರೆಯದೆ ನೆನೆಯುತ್ತಾರೆ. ಎರಡನ್ನೂ ಮಾಡಿದವಳು ಗುನ್‌ಹಿಲ್ಡ್ ಲಿಲಿಯೆಕ್ವಿಸ್ಟ್. ಮೊದಲು ಪಿಂಗಾಣಿಯ ಮೇಲೆ ಚಿತ್ರ ಬಿಡಿಸುತ್ತಿದ್ದಳು, ಮಿಠಾಯಿ ಡಬ್ಬಿಗಳಿಗೆ ವಿನ್ಯಾಸ ಮಾಡುತ್ತಿದ್ದಳು. 1964ರಲ್ಲಿ ಆ ಕಂಪೆನಿಯ ಬಟ್ಟೆ ಮತ್ತು ಬಣ್ಣದ ವಿಭಾಗ ಸೇರಿದಳು. ವೇಗದ ಕಾರಿಗೆ ಚೌಕಳಿ ಬಟ್ಟೆ ಏಕೆ ಎಂದು ಯಾರಾದರೂ ಮೂಗು ಮುರಿದಿರಬಹುದು. ಅರ್ಧ ಶತಮಾನದ ಮೇಲೂ ಆ ಹೆಸರಿನ ಕಾರುಗಳಲ್ಲಿ ಅದೇ ಚೌಕಳಿ ಉಳಿದಿದೆ.

1984ರಲ್ಲಿ ಫ್ರಾನ್ಸಿನ ಪ್ಯೂಜೋ 205 ಜಿಟಿಐ ಎದುರಾಳಿಯಾಗಿ ಬಂತು. ಅಲ್ಲಿಂದ ಹತ್ತು ವರ್ಷ ಪತ್ರಿಕೆಗಳಿಗೆ ಹಬ್ಬ. ಗಾಲ್ಫ್ ಗಟ್ಟಿಮುಟ್ಟು, ನಂಬಿಗಸ್ತ. 205 ಹಗುರ, ಚುರುಕು, ಆದರೆ ತಿರುವಿನ ನಡುವೆ ಹೆದರಿ ಕಾಲು ತೆಗೆದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಥೇಟ್ ಖಿಲಾರಿ! ಈ ಗುಣವನ್ನು ಬರಹಗಾರರು ದೋಷವೆಂದು ಬರೆಯಲಿಲ್ಲ, ಪಳಗಿದವನಿಗೆ ಒಲಿಯುವ ಕುದುರೆ ಎನ್ನುವಂತೆ ಬರೆದರು. 1990ರಲ್ಲಿ ‘ಕಾರ್’ ಪತ್ರಿಕೆ 205ನ್ನೇ ದಶಕದ ಕಾರು ಎಂದು ಸಾರಿತು. ಅಳತೆ ಎಲ್ಲಿ ಮುಗಿಯುತ್ತದೆ, ಮೋಹ ಎಲ್ಲಿ ಶುರುವಾಗುತ್ತದೆ ಎಂದು ಈ ಬರಹಗಳಲ್ಲಿ ಗೆರೆ ಎಳೆಯುವುದು ಕಷ್ಟ. ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಲೆಕ್ಕಕ್ಕೆ ಹಿಡಿಯುವವರು ಕೊನೆಯ ವಾಕ್ಯದಲ್ಲಿ, ಮನಸ್ಸು ಇದನ್ನೇ ಕೇಳುತ್ತದೆ ಎಂದು ಬರೆದು, ಕಡಿಮೆ ಅಂಕದ ಕಾರನ್ನು ಗೆಲ್ಲಿಸಿಬಿಡುತ್ತಾರೆ. ಅದನ್ನು ನಾನು ತಪ್ಪೆನ್ನಲಾರೆ. ಸೀರೆಯಂಗಡಿಯಲ್ಲಿ ನಾನು ಮಾಡುವುದೂ ಅದನ್ನೇ.

ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ 2000ದ ಮಳೆಗಾಲದ ಒಂದು ರಾತ್ರಿಗೆ ಹೋಗಬೇಕು.

ನಾವು ಕಾರು ಕೊಂಡು ನಾಲ್ಕಾರು ತಿಂಗಳಾಗಿತ್ತು. ಯಾವ ಕಾರು ಎಂದು ಹೇಳುವುದಿಲ್ಲ. ಅದರ ತಪ್ಪು ಅದೊಂದರದೇ ಆಗಿರಲಿಲ್ಲ. ಪತ್ರಿಕೆಯಲ್ಲಿ ಅದಕ್ಕೆ ನಕ್ಷತ್ರ ಚೆನ್ನಾಗಿಯೇ ಸಿಕ್ಕಿತ್ತು. ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಓಡುತ್ತದೆ ಎಂಬ ಮಾತನ್ನು ಇವರು ಕೆಂಪು ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದರು. ತಂಗಿ ಚೊಚ್ಚಲ ಹೆರಿಗೆಗೆ ಇಜೇರಿಗೆ ಬಂದಿದ್ದಳು. ನಾವು ಅವಳನ್ನು ನೋಡಲು ಹೋದ ದಿನವೇ ರಾತ್ರಿ ನೋವು ಕಾಣಿಸಿಕೊಂಡಿತು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಊರಿನ ದಾದಿ ಹೊಟ್ಟೆ ಮುಟ್ಟಿ ನೋಡಿ, “ತಡ ಮಾಡಬ್ಯಾಡ್ರಿ, ಗುಲ್ಬರ್ಗಾಕ್ಕ ಒಯ್ರಿ” ಎಂದಳು.

ಹಿಂದಿನ ಬಾಗಿಲು ತೆರೆದಾಗಲೇ ಗೊತ್ತಾದದ್ದು, ಅದು ತುಂಬು ಬಸುರಿ ನುಸುಳಿ ಕೂಡ್ರುವಷ್ಟು ಅಗಲವಿರಲಿಲ್ಲ. ಅವಳನ್ನು ಪಕ್ಕಕ್ಕೆ ತಿರುಗಿಸಿ, ತಲೆ ತಗ್ಗಿಸಿ, ಒಳಗಿನಿಂದ ನಾನು ಎಳೆದು, ಹೊರಗಿನಿಂದ ಆಯಿ ನೂಕಿ ಕೂಡಿಸಬೇಕಾಯಿತು. ಮಲಗಿಸಿದರೆ ಕಾಲು ಚಾಚಲು ಎಡೆಯಿಲ್ಲ. ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಮಡಚಿ ಬಾಗಿಲಿಗೆ. ಎರೆಮಣ್ಣಿನ ಸೀಮೆಯ ರಸ್ತೆ ಮಳೆಯಲ್ಲಿ ಹೇಗಿರುತ್ತದೆ ಎಂದು ಕಂಡವರಿಗೆ ಹೇಳಬೇಕಿಲ್ಲ. ನೆಲಕ್ಕೆ ಅಂಟಿ ಓಡುವ ಕಾರಿನ ಸ್ಪ್ರಿಂಗು ಗಡುಸಾಗಿರುತ್ತದೆ. ತಿರುವಿನಲ್ಲಿ ಓಲಾಡದಿರಲೆಂದು ಹಾಗೆ ಮಾಡಿರುತ್ತಾರೆ. ಆದರೆ ಅದರ ಬೆಲೆ ತೆರುವವರು ಹಿಂದೆ, ಚಕ್ರದ ನೆತ್ತಿಯ ಮೇಲೆ ಕುಳಿತವರು. ಒಂದೊಂದು ತಗ್ಗಿಗೂ ತಂಗಿ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿಯುತ್ತಿದ್ದಳು. ಮುಂದೆ ಕೂತ ಇವರಿಗೆ ಅದೇ ತಗ್ಗು ಅಷ್ಟಾಗಿ ತಿಳಿಯುತ್ತಿರಲಿಲ್ಲ. “ಸಾವಕಾಶ” ಎಂದರೆ, “ಸಾವಕಾಶನೇ ಹೊಂಟೀನಲ್ಲ” ಎನ್ನುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಕಾರಿನಲ್ಲಿ ನಾವು ಎರಡು ಬೇರೆ ರಸ್ತೆಗಳ ಮೇಲೆ ಹೋಗುತ್ತಿದ್ದೆವು. ಜೇವರ್ಗಿ ದಾಟಿ, ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ಬಂದಾಗ ಚಕ್ರದ ಸದ್ದು ಬದಲಾಯಿತು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ತಂಗಿ ಕಣ್ಣು ಮುಚ್ಚಿಕೊಂಡು, “ಅಕ್ಕಾ, ಇನ್ನ ಎಷ್ಟ ದೂರ?” ಎಂದಳು. ನಾನು ಸುಳ್ಳು ಹೇಳಿದೆ.

ಬೆಳಗಿನ ನಾಲ್ಕಕ್ಕೆ ಹೆಣ್ಣುಮಗು ಹುಟ್ಟಿತು, ಎರಡು ಕಿಲೋ ಚಿಲ್ಲರೆ ತೂಕ. ತಾಯಿ, ಮಗು ಇಬ್ಬರೂ ಉಳಿದರು.

ವಾರದ ಮೇಲೆ ಇಜೇರಿಗೆ ಹೋದಾಗ ಮುತ್ಯಾ ಕಾರಿನ ಮೈ ಸವರಿ, “ಹೊತ್ತಿಗಿ ಮುಟ್ಟಿಸ್ತು. ಎತ್ತಿನ ಗಾಡಿ ಆಗಿದ್ದರ ಆಗತಿರಲಿಲ್ಲ” ಎಂದ. ಅದೂ ನಿಜವೇ. ಆಯಿ ಮಾತ್ರ ಕಟ್ಟೆಯ ಮೇಲಿದ್ದ ಆ ಪತ್ರಿಕೆಯನ್ನು ಬಿಡಿಸಿ, ಅಕ್ಷರ ಬಾರದಿದ್ದರೂ ನಕ್ಷತ್ರಗಳನ್ನು ಬೆರಳಿಂದ ಎಣಿಸಿ ಕೇಳಿದಳು: “ಇದನ್ನ ಬರದಾಂವನ ಹೇಣ್ತಿ ಹಿಂದ ಕುಂತಿದ್ದಳೇನು?”

ಹಿಂದಿನ ಸೀಟಿನ ಬಗ್ಗೆ ಈ ಪತ್ರಿಕೆಗಳು ಬರೆಯುವುದೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ನಮ್ಮ ದೇಶದ ಪತ್ರಿಕೆಗಳು ಅದಕ್ಕೆ ಬೇರೆ ದೇಶದವರಿಗಿಂತ ಹೆಚ್ಚು ಜಾಗ ಕೊಡುತ್ತವೆ. ಇಂಡಿಕಾ ಒಳಗೆ ವಿಶಾಲ, ಸ್ಯಾಂಟ್ರೊ ಎತ್ತರವಿರುವುದರಿಂದ ಹತ್ತಿ ಇಳಿಯಲು ಸುಲಭ ಎಂಬುದನ್ನೆಲ್ಲ ಜನ ತಿಳಿದೇ ಕೊಂಡರು. ಆದರೆ ಹಿಂದಿನ ಸೀಟನ್ನು ಅಳೆಯುವುದು ಮೊಣಕಾಲಿಗೆ ಎಷ್ಟು ಜಾಗ, ತಲೆಗೆ ಎಷ್ಟು ಜಾಗ ಎಂದು, ಹೆಚ್ಚಾಗಿ ನಿಂತ ಕಾರಿನಲ್ಲಿ. ಓಡುವ ಕಾರಿನ ಬಗ್ಗೆ ಬರೆಯುವಾಗ ಮಾತು ಮತ್ತೆ ಸ್ಟಿಯರಿಂಗ್ ಹಿಡಿದವನದೇ. ಹಾಟ್ ಹ್ಯಾಚ್ ಪರೀಕ್ಷೆಗಳಲ್ಲಂತೂ ಹಿಂದೆ ಕುಳಿತವರದು ಒಂದು ಸಾಲು, ಅದೂ ಕ್ಷಮೆ ಕೇಳುವ ಧಾಟಿಯಲ್ಲಿ.

ನಮ್ಮಲ್ಲಿ ಹಾಟ್ ಹ್ಯಾಚ್ ಎನ್ನಬಹುದಾದ ಮೊದಲ ಕಾರು 2001ರಲ್ಲಿ ಬಂದ ಫಿಯಟ್ ಪಾಲಿಯೋದ 1.6 ಲೀಟರಿನದು, ಸುಮಾರು ನೂರು ಅಶ್ವಶಕ್ತಿ. ಪತ್ರಿಕೆಯವರು ಅದನ್ನು ಎತ್ತಿ ಆಡಿಸಿದರು. ಕೊಳ್ಳುವವರು ಮಾತ್ರ, ಲೀಟರಿಗೆ ಎಷ್ಟು ಕೊಡ್ತದ ಎಂದು ಕೇಳಿ ಸುಮ್ಮನೆ ಎದ್ದು ಹೋದರು. ಆಮೇಲೆ 2013ರಲ್ಲಿ ಪೋಲೋ ಜಿಟಿ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್ ಬಂದವು, ಹೋದವು. 2016ರಲ್ಲಿ ಪೋಲೋ ಜಿಟಿಐಗೆ ಇಪ್ಪತ್ತೈದು ಲಕ್ಷ ಮೀರಿದ ಬೆಲೆ ಕೇಳಿ ನಮ್ಮ ಮನೆಯವರೂ ಪತ್ರಿಕೆ ಮಡಚಿಟ್ಟರು. ಬರೆದವರ ಪ್ರೀತಿ ಒಂದು ಕಡೆ, ಕೊಂಡವರ ರೊಕ್ಕ ಇನ್ನೊಂದು ಕಡೆ. ಈ ಜಾತಿಯ ಕಾರಿನ ಕಥೆ ನಮ್ಮ ದೇಶದಲ್ಲಿ ಇಷ್ಟೇ.

ಈ ನಡುವೆ ಬೇರೊಂದು ಬಗೆಯ ನಕ್ಷತ್ರ ಬಂತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಗಾಳಿಚೀಲವಿಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕದ್ದು ಸೊನ್ನೆ. ಮೈಲೇಜು, ಸೆಕೆಂಡು ಎನ್ನುತ್ತಿದ್ದ ಪತ್ರಿಕೆಗಳು ಅಂದಿನಿಂದ ಈ ನಕ್ಷತ್ರಗಳನ್ನೂ ಎಣಿಸತೊಡಗಿದವು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಇದು ದೊಡ್ಡ ಬದಲಾವಣೆ, ಸಂತೋಷವೇ. ಆದರೆ ಅಲ್ಲಿಯೂ ಆಯಿಯ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಗುದ್ದುವ ಕಾರಿನಲ್ಲಿ ಕೂಡಿಸುವ ಗೊಂಬೆ ಯಾರ ಅಳತೆಯದು? ಲೋಕದಲ್ಲೆಲ್ಲ ಬಹುಕಾಲ ನಡೆದುಬಂದ ಗೊಂಬೆ ಸುಮಾರು 175 ಸೆಂ.ಮೀ. ಎತ್ತರ, 77 ಕಿಲೋ ತೂಕದ ಗಂಡಸು. ಹೆಣ್ಣು ಎಂದು ಮಾಡಿಕೊಂಡ ಗೊಂಬೆ ಅದನ್ನೇ ಕುಗ್ಗಿಸಿದ್ದು, ಐದಡಿಯ ಆಸುಪಾಸು, ಐವತ್ತು ಕಿಲೋದೊಳಗೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಲೆಕ್ಕ ತೆಗೆದಾಗ, ಬೆಲ್ಟು ಹಾಕಿಕೊಂಡಿದ್ದರೂ ಎದುರು ಗುದ್ದಿನ ಅಪಘಾತದಲ್ಲಿ ಹೆಂಗಸರಿಗೆ ತೀವ್ರ ಗಾಯವಾಗುವ ಸಂಭವ ಗಂಡಸರಿಗಿಂತ ನೂರಕ್ಕೆ 73ರಷ್ಟು ಹೆಚ್ಚು ಎಂದು ಕಂಡಿತು. ಸರಾಸರಿ ಹೆಂಗಸಿನ ಮೈಕಟ್ಟಿಗೆ ತಕ್ಕ ಗೊಂಬೆಯನ್ನು, 162 ಸೆಂ.ಮೀ., 62 ಕಿಲೋ, ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ಸಂಶೋಧಕಿ ಮತ್ತು ಅವಳ ಸಂಗಡಿಗರು ಮಾಡಿ ತೋರಿಸಿದ್ದು 2022ರಲ್ಲಿ. ಬರ್ತಾ ಬೆಂಜ್ ತವರಿಗೆ ಹೋಗಿ ಬಂದು ಅಷ್ಟೊತ್ತಿಗೆ ನೂರಾ ಮೂವತ್ನಾಲ್ಕು ವರ್ಷವಾಗಿತ್ತು.

ಆ ರಾತ್ರಿ ಹುಟ್ಟಿದ ಹುಡುಗಿ ಈಗ ಪುಣೆಯಲ್ಲಿ ಇಂಜಿನಿಯರು. ಸ್ವಂತ ಸಂಬಳದಿಂದ ಕಾರು ಕೊಳ್ಳುವೆ ಎಂದು ಹೋದ ವರ್ಷ ರಜೆಗೆ ಬಂದವಳು ಫೋನಿನಲ್ಲಿ ನನಗೆ ಪರೀಕ್ಷೆಗಳನ್ನೆಲ್ಲ ತೋರಿಸಿದಳು. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್, ಎರಡಕ್ಕೂ 120 ಅಶ್ವಶಕ್ತಿ. ಇವುಗಳ ನಡುವೆ ಅವಳ ಜೀವ ತೂಗುತ್ತಿತ್ತು. “ದೊಡ್ಡವ್ವಾ, ವಾರವೆಲ್ಲಾ ಆಫೀಸಿಗಿ, ಐತವಾರ ಘಾಟಿಗಿ. ಒಂದೇ ಗಾಡಿ!” ಎಂದಳು. ನಾನು ನಕ್ಕದ್ದು ಏಕೆಂದು ಅವಳಿಗೆ ತಿಳಿಯಲಿಲ್ಲ. ಮುತ್ಯಾನನ್ನು ಅವಳು ಕಂಡ ನೆನಪಿಲ್ಲ.

ಮುತ್ಯಾನ ಜಾತ್ರೆಯ ಕಥೆ ಹೇಳಿದೆ. ಆಮೇಲೆ ಅವಳು ಹುಟ್ಟಿದ ರಾತ್ರಿಯ ಕಥೆಯನ್ನೂ ಹೇಳಿದೆ. ಬಾಗಿಲಿಗೆ ಮಡಚಿದ ಕಾಲು, ಉಗುರು, ಸೇತುವೆ ಎಲ್ಲ. ಅವಳ ಅವ್ವ ಅದನ್ನು ಎಂದೂ ಹೇಳಿರಲಿಲ್ಲವಂತೆ.

ಮರುದಿನ ಕಲಬುರಗಿಯ ಒಂದು ಷೋರೂಮಿನಲ್ಲಿ ಕಾರು ಓಡಿಸಿ ನೋಡಲು ಹೋದೆವು. ಮಾರುವ ಹುಡುಗ ನಮಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, “ನೀವು ಕೂಡ್ರಿ ಅಮ್ಮಾ, ಮೇಡಂ ಒಂದು ರೌಂಡ್ ಹೊಡದು ಬರ್ತಾರ” ಎಂದ. ಹುಡುಗಿ ಒಪ್ಪಲಿಲ್ಲ. ನಮ್ಮಿಬ್ಬರನ್ನೂ ಹಿಂದೆ ಕೂಡಿಸಿದಳು. ತಂಗಿಗೆ ಈಗ ಮೊಣಕಾಲು ನೋವು, ನನಗೆ ಸೊಂಟ; ಇಳಕಲ್ ಸೀರೆಯ ನಿರಿಗೆ ಹಿಡಿದು ಹತ್ತುವಾಗ ಎಷ್ಟು ತಗ್ಗಬೇಕಾಯಿತು ಎಂದು ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು. ರಿಂಗ್ ರೋಡಿನ ನುಣ್ಣನೆಯ ಡಾಂಬರು ಬಿಟ್ಟು, ಹುಡುಗ ಬೇಡ ಬೇಡ ಎಂದರೂ, ಕಾಮಗಾರಿಗೆ ಅಗೆದಿಟ್ಟ ಒಂದು ಅಡ್ಡರಸ್ತೆಗೆ ತಿರುಗಿಸಿದಳು.

“ಅವ್ವಾ, ಹ್ಯಾಂಗದ?”

“ಅದಕಿಂತ ಚಲೋ ಅದ” ಎಂದಳು ತಂಗಿ. ಯಾವುದಕ್ಕಿಂತ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಖರೇ ಅಂದ್ರ ಕಿಡಕಿ ಸಣ್ಣದಾತು. ತೊಗರಿ ಹೊಲ ಕಾಣವಲ್ದು” ಎಂದಳು.

ಹುಡುಗಿ ಬದಿಗೆ ನಿಲ್ಲಿಸಿ, ಫೋನು ತೆಗೆದು, ತನ್ನ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಿದಳು. ಆಮೇಲೆ ಹಿಂದಿನ ಬಾಗಿಲು ತೆರೆದು, “ಸರೀರಿ ದೊಡ್ಡವ್ವಾ” ಎಂದು ನಮ್ಮಿಬ್ಬರ ನಡುವೆ ಬಂದು ಕುಳಿತಳು. “ಸರ್, ಈಗ ನೀವ್ ಓಡಸ್ರಿ. ಅದೇ ರಸ್ತಾ” ಎಂದಳು ಆ ಹುಡುಗನಿಗೆ.